ಎಫ್ ಕೀಲಿಯ ಸವೆತ: ಥಿಂಕ್‌ಪ್ಯಾಡ್ ಟಿ480ರೊಂದಿಗೆ ನಾಲ್ಕು ಮಳೆಗಾಲ

ಕ್ರಯಪತ್ರದ ಚಕ್ಕುಬಂದಿಯಲ್ಲಿ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿಗಳನ್ನು ಹೇಳುವ ಭಾಗದಲ್ಲಿ, ‘ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ’ ಎಂಬ ನಾಲ್ಕು ಪದಗಳನ್ನು ಬೆರಳಚ್ಚಿಸಿ ಮುಗಿಸುವಷ್ಟರಲ್ಲಿ ನನ್ನ ಎಡಗೈ ತೋರುಬೆರಳು ಎಫ್ ಕೀಲಿಯನ್ನು ಎಂಟು ಬಾರಿ ಒತ್ತಿರುತ್ತದೆ. ನುಡಿ ಎಂಬ ಕನ್ನಡ ಬರಹ ತಂತ್ರಾಂಶವನ್ನು ಬಳಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆ.ಪಿ. ರಾವ್ ಅವರು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ನಮ್ಮ ಇಡೀ ವರ್ಣಮಾಲೆಯನ್ನು ಕೂರಿಸಿದ ವಿನ್ಯಾಸದಲ್ಲಿ ಹಲಂತಕ್ಕೆ, ಅಂದರೆ ವ್ಯಂಜನದ ಸ್ವರವನ್ನು ಕಳೆದು ಒತ್ತಕ್ಷರ ಮೂಡಿಸುವ ಚಿಹ್ನೆಗೆ, ಸಿಕ್ಕ ಜಾಗ ಎಫ್. ಕ ಒತ್ತಿ, ಎಫ್ ಒತ್ತಿ, ಮತ್ತೆ ಕ ಒತ್ತಿದರೆ ‘ಕ್ಕ’ ಆಗುತ್ತದೆ. ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಒಂದು ಸಾಲು ಬರೆಯುವುದೂ ಕಷ್ಟವಾದ್ದರಿಂದ, ದಿನವಿಡೀ ಕನ್ನಡ ಬರೆಯುವವನ ಕೀಲಿಮಣೆಯಲ್ಲಿ ಮೊದಲು ಸಾಯುವುದು ಇದೇ ಕೀಲಿ. ಇಂಗ್ಲಿಷ್ ವಿಮರ್ಶೆಗಳಲ್ಲಿ ಈ ಮಾತು ಎಲ್ಲಿಯೂ ಬರುವುದಿಲ್ಲ, ಬರಬೇಕಾದ ಕಾರಣವೂ ಇಲ್ಲ. ಆದರೆ ನಾನು ಥಿಂಕ್‌ಪ್ಯಾಡ್ ಟಿ480 ಎಂಬ ಲೆನೊವೊ ಲ್ಯಾಪ್‌ಟಾಪ್ ಕುರಿತು ಹೇಳಬೇಕೆಂದಿರುವುದರಲ್ಲಿ ಮುಕ್ಕಾಲು ಪಾಲು ಈ ಒಂದು ಕೀಲಿಯ ಸುತ್ತಲೇ ಇದೆ.

ನಾನು ಆಲ್ದೂರಿನವನು. ಚಿಕ್ಕಮಗಳೂರಿನಲ್ಲಿ ಪತ್ರ ಬರಹಗಾರನಾಗಿ ಇಪ್ಪತ್ತೆರಡು ವರ್ಷಗಳಾದವು. ಹಗಲು ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಬರೆಯುವುದು, ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಹಳೆಯ ಪಂಚೆಯೊಂದನ್ನು ಹಾಸಿಕೊಂಡು ಯಾರದೋ ಕೆಟ್ಟ ಕಂಪ್ಯೂಟರನ್ನು ಬಿಚ್ಚಿ ಕೂರುವುದು ನನ್ನ ದಿನಚರಿ. ಎರಡನೆಯದರಿಂದ ಹಣವೇನೂ ಹುಟ್ಟುವುದಿಲ್ಲ, ಮನೆಯಲ್ಲಿ ಒಂದಿಷ್ಟು ಮಾತು ಹುಟ್ಟುತ್ತದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಈ ಯಂತ್ರವನ್ನು ಇಪ್ಪತ್ತನಾಲ್ಕು ಸಾವಿರ ರೂಪಾಯಿಗೆ ಕೊಂಡೆ. ಯಾವುದೋ ಕಚೇರಿಯಲ್ಲಿ ಮೂರು ನಾಲ್ಕು ವರ್ಷ ದುಡಿದು ಬಂದದ್ದು ಅದು, ಮುಚ್ಚಳದ ಮೇಲೆ ಆಸ್ತಿ ಸಂಖ್ಯೆಯ ಚೀಟಿ ಕಿತ್ತ ಗುರುತು ಇನ್ನೂ ಇದೆ. ನನ್ನ ಮಿತಿ ಇಪ್ಪತ್ತೈದು ಸಾವಿರವಾಗಿತ್ತು, ಉಳಿದ ಸಾವಿರದಲ್ಲಿ ಬಸ್ ಚಾರ್ಜು ಮತ್ತು ಊಟ ಮುಗಿಯಿತು.

ಪ್ರೊಸೆಸರ್, ಪರದೆ, ತೂಕಗಳ ವಿವರ ಎಲ್ಲೆಡೆ ಸಿಗುತ್ತದೆಯಾದ್ದರಿಂದ ಅದನ್ನು ಬಿಡುತ್ತೇನೆ. ಕೊಳ್ಳುವವರು ತಿಳಿದಿರಬೇಕಾದ ಎರಡು ಸಂಗತಿಗಳನ್ನು ಮಾತ್ರ ಹೇಳಬೇಕು. 2018ರಲ್ಲಿ ಬಂದ ಟಿ480ರಲ್ಲಿ ಇಂಟೆಲ್‌ನ ಎಂಟನೆಯ ತಲೆಮಾರಿನ ಪ್ರೊಸೆಸರ್ ಇದ್ದರೆ ಅದಕ್ಕೆ ವಿಂಡೋಸ್ 11 ಅಧಿಕೃತವಾಗಿಯೇ ದೊರೆಯುತ್ತದೆ. ನೋಡಲು ಹೆಚ್ಚು ಕಡಿಮೆ ಹಾಗೆಯೇ ಇರುವ ಹಿಂದಿನ ಟಿ470ಕ್ಕೆ ಆ ಭಾಗ್ಯವಿಲ್ಲ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿದೆ. ಇನ್ನು ಮುಂದಿನ ಟಿ490ರಲ್ಲಿ ಹೊರಗಿನಿಂದ ಕಳಚುವ ಬ್ಯಾಟರಿಯನ್ನು ತೆಗೆದುಹಾಕಿ, ಮೆಮೊರಿಯಲ್ಲಿ ಒಂದು ಭಾಗವನ್ನು ಮದರ್‌ಬೋರ್ಡಿಗೇ ಬೆಸೆದಿದ್ದಾರೆ. ನಡುವಿನ ಈ ಒಂದೇ ವರ್ಷದ ಯಂತ್ರವನ್ನು ನನ್ನಂಥವರು ಹುಡುಕಿಕೊಂಡು ಹೋಗುವುದು ಈ ಕಾರಣಕ್ಕೆ. ನಾನು ಮೊದಲ ವಾರವೇ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿ, ಕನ್ನಡಕ್ಕೆ ಐಬಸ್ ಎಂಬ ಬರಹ ಸಲಕರಣೆಯ ಮೂಲಕ, ಕೆ.ಪಿ. ರಾವ್ ಅವರದನ್ನು ಆಧರಿಸಿದ ಕಗಪ ವಿನ್ಯಾಸವನ್ನು ಹೊಂದಿಸಿಕೊಂಡೆ.

ಮಲೆನಾಡಿನ ಮಳೆಗಾಲದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದೆಂದರೆ ಕರೆಂಟು ಮತ್ತು ಬೂಷ್ಟು, ಈ ಎರಡರ ನಡುವಿನ ಬಾಳು. ಜೂನ್ ತಿಂಗಳ ಗಾಳಿಗೆ ತೋಟದ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಒರಗಿತೆಂದರೆ ಅಂದಿನ ರಾತ್ರಿ ದೀಪದ ಬೆಳಕೇ ಗತಿ. ಟಿ480ರ ಒಳಗೆ 24 ವ್ಯಾಟ್-ಅವರ್‌ನ ಒಂದು ಬ್ಯಾಟರಿ ಇದೆ, ಹಿಂಬದಿಗೆ ಇನ್ನೊಂದನ್ನು ಸಿಕ್ಕಿಸಬಹುದು. ಯಂತ್ರ ಮೊದಲು ಹಿಂಬದಿಯದನ್ನು ಖಾಲಿ ಮಾಡುತ್ತದೆ. ಅದು ಮುಗಿದಾಗ ಬರೆಯುತ್ತಿರುವ ಪತ್ರವನ್ನು ಮುಚ್ಚದೆಯೇ, ಒಳಬ್ಯಾಟರಿಯ ಆಸರೆಯಲ್ಲಿ, ಹಳೆಯದನ್ನು ಕಳಚಿ ತುಂಬಿದ್ದನ್ನು ಕೂರಿಸಬಹುದು. ಮೊದಲ ಸಲ ಹೀಗೆ ಮಾಡಿದಾಗ, ಹಳೆಯ ಅಭ್ಯಾಸಬಲದಿಂದ, ಬ್ಯಾಟರಿ ಎಳೆಯುತ್ತಲೇ ಕಣ್ಣು ಮುಚ್ಚಿಕೊಂಡಿದ್ದೆ. ತೆರೆದು ನೋಡಿದರೆ ಅಕ್ಷರಗಳು ಇದ್ದಲ್ಲೇ ಇದ್ದವು. ಹಿಂಬದಿಗೆ 72 ವ್ಯಾಟ್-ಅವರ್‌ನ ದಪ್ಪ ಬ್ಯಾಟರಿ ಹಾಕಿದರೆ ಯಂತ್ರದ ಹಿಂಭಾಗ ಒಂದಿಷ್ಟು ಮೇಲೇಳುತ್ತದೆ. ಅದನ್ನು ಕೆಲವರು ದೋಷವೆನ್ನುತ್ತಾರೆ, ನನಗಂತೂ ಅದು ಹಳೆಯ ಟೈಪ್‌ರೈಟರಿನ ಇಳಿಜಾರನ್ನು ನೆನಪಿಸಿ ಮಣಿಕಟ್ಟಿಗೆ ಹಿತವಾಯಿತು.

ಬೂಷ್ಟಿನ ವಿಷಯಕ್ಕೆ ಬಂದರೆ, ಅದಕ್ಕೆ ನಮ್ಮ ಮನೆಯಲ್ಲಿ ನಿತ್ಯದ ಒಂದು ಕ್ರಮವಿದೆ. ರಾತ್ರಿ ಕೆಲಸ ಮುಗಿದ ಮೇಲೆ ಮಕ್ಕಳ ಬಣ್ಣದ ಕುಂಚವೊಂದರಿಂದ ಕೀಲಿಗಳ ಸಂದುಗಳನ್ನು ಮೇಲಿನ ಸಾಲಿನಿಂದ ಕೆಳಗಿನವರೆಗೆ ಗುಡಿಸುತ್ತೇನೆ, ಯಂತ್ರವನ್ನು ಬೋರಲು ಹಿಡಿದು ಎರಡು ಬಾರಿ ತಟ್ಟುತ್ತೇನೆ, ಅಂಗೈ ಊರುವ ಜಾಗವನ್ನು ಒಣ ಬಟ್ಟೆಯಿಂದ ಒರೆಸುತ್ತೇನೆ. ಬೆವರು ಬಿದ್ದ ಜಾಗಕ್ಕೇ ಬೂಷ್ಟು ಮೊದಲು ಬರುವುದರಿಂದ ಈ ಕೊನೆಯದನ್ನು ತಪ್ಪಿಸುವಂತಿಲ್ಲ. ಆಮೇಲೆ ಅದರ ವಾಸ ಬಚ್ಚಲೊಲೆಯ ಗೋಡೆಗೆ ಬೆನ್ನು ಕೊಟ್ಟಿರುವ ಕಪಾಟಿನಲ್ಲಿ. ಒಲೆಯ ಕಾವು ಗೋಡೆ ದಾಟಿ ಬರುವಷ್ಟೇ ಬೆಚ್ಚಗಿರುವ ಆ ಕಪಾಟಿನಲ್ಲಿ ಮೊದಲು ಉಪ್ಪಿನ ಡಬ್ಬಿಯೂ ಬೆಂಕಿಪೊಟ್ಟಣವೂ ಇರುತ್ತಿದ್ದವು, ಈಗ ಅವು ಮೇಲಿನ ಅಂತಸ್ತಿಗೆ ಹೋಗಿವೆ. ಎರಡು ಮಳೆಗಾಲ ಹೀಗೆ ಯಾವ ತಕರಾರೂ ಇಲ್ಲದೆ ಕಳೆದವು. ಆಗ ಯಾರಾದರೂ ಕೇಳಿದ್ದರೆ ಈ ಯಂತ್ರಕ್ಕೆ ಹತ್ತಕ್ಕೆ ಹತ್ತು ಅಂಕ ಕೊಡುತ್ತಿದ್ದೆ.

2024ರ ಜುಲೈಯಲ್ಲಿ ಎಫ್ ಕೀಲಿ ಕೈಕೊಡಲು ಆರಂಭಿಸಿತು. ಅದರ ಮೇಲಿನ ಅಕ್ಷರ ಮಾಸಿಹೋಗಿ ವರ್ಷವಾಗಿತ್ತು. ಬೆರಳಿಗೆ ಜಾಗ ತೋರಿಸಲೆಂದು ಇರುವ ಸಣ್ಣ ಉಬ್ಬುಗೆರೆಯೂ ಹೆಚ್ಚು ಕಡಿಮೆ ಸಪಾಟಾಗಿತ್ತು. ಈಗ ಹತ್ತು ಬಾರಿ ಒತ್ತಿದರೆ ಒಂದು ಬಾರಿ ನೋಂದಾಯಿಸದೆ ಹೋಗತೊಡಗಿತು. ಇಂಗ್ಲಿಷ್ ಬರೆಯುವವರಿಗೆ ಒಂದು ಅಕ್ಷರ ಬಿಟ್ಟುಹೋದರೆ ಪದ ಕುಂಟುತ್ತದೆ, ಅಷ್ಟೆ. ನಮ್ಮಲ್ಲಿ ಹಲಂತ ಬಿದ್ದುಹೋದರೆ ಪದದ ಸೊಂಟವೇ ಮುರಿಯುತ್ತದೆ. ‘ಉತ್ತರಕ್ಕೆ’ ಎನ್ನುವುದು ‘ಉತತರಕಕೆ’ ಆಗುತ್ತದೆ, ‘ಅಣ್ಣ’ ಹೋಗಿ ‘ಅಣಣ’ನಾಗುತ್ತಾನೆ. ವಿಭಾಗಪತ್ರವೊಂದರ ಕರಡನ್ನು ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕವನ್ನು ಹಣೆಗೇರಿಸಿ, ‘ಇದೇನಪ್ಪ, ನನ್ನ ಹಕಕು?’ ಎಂದು ಕೇಳಿದಾಗ ನಕ್ಕರೂ, ಅಂದಿನಿಂದ ಪ್ರತಿ ಪುಟವನ್ನೂ ಮೂರು ಬಾರಿ ಓದತೊಡಗಿದೆ.

ಮೊದಲು ಸಾಫ್ಟ್‌ವೇರ್ ದಾರಿಯನ್ನು ಹಿಡಿದೆ. ಕಗಪ ವಿನ್ಯಾಸದ ಕಡತ ಸಾದಾ ಪಠ್ಯ ರೂಪದಲ್ಲಿರುವುದರಿಂದ, ಅದರ ಪ್ರತಿಯೊಂದನ್ನು ಮಾಡಿ ಹಲಂತವನ್ನು ಸೆಮಿಕೋಲನ್ ಕೀಲಿಗೆ ವರ್ಗಾಯಿಸಲು ಹತ್ತು ನಿಮಿಷ ಸಾಕಾಯಿತು. ಬೆರಳು ಮಾತ್ರ ಒಪ್ಪಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸವನ್ನು ಬಲಗೈ ಕಿರುಬೆರಳಿಗೆ ಕಲಿಸಲು ಹೋಗಿ, ಮೂರು ದಿನದಲ್ಲಿ ಎರಡೂ ಕೈಗಳು ಗೊಂದಲಕ್ಕೆ ಬಿದ್ದವು. ಆಮೇಲೆ ಕೀಲಿಯ ಟೊಪ್ಪಿಗೆಯನ್ನು ಉಗುರಿನಿಂದ ಎಬ್ಬಿಸಿ, ಒಳಗಿನ ಕತ್ತರಿಯಂಥ ಪ್ಲಾಸ್ಟಿಕ್ ಕೊಂಡಿಯನ್ನೂ ರಬ್ಬರಿನ ಗುಳ್ಳೆಯನ್ನೂ ನೋಡಿದೆ. ಕೊಂಡಿ ಸರಿಯಾಗಿಯೇ ಇತ್ತು, ಗುಳ್ಳೆ ಮುದುಡಿತ್ತು. ಗುಳ್ಳೆ ಕೆಟ್ಟ ಮೇಲೆ ಇಡೀ ಕೀಲಿಮಣೆಯನ್ನೇ ಬದಲಿಸುವುದು ಲೇಸು.

ಬದಲಿಸುವ ಕೆಲಸವೇ ಈ ಯಂತ್ರ ನನಗೆ ಕೊಟ್ಟ ಅತಿ ದೊಡ್ಡ ಸಂತೋಷ ಎಂದರೆ ವಿಚಿತ್ರವಾಗಿ ಕೇಳಿಸಬಹುದು. ಮೊದಲು ಬಯಾಸ್‌ಗೆ, ಅಂದರೆ ಯಂತ್ರದ ಮೂಲ ಸೆಟ್ಟಿಂಗುಗಳ ಪರದೆಗೆ, ಹೋಗಿ ಒಳಬ್ಯಾಟರಿಯನ್ನು ನಿಷ್ಕ್ರಿಯಗೊಳಿಸುವ ಆಯ್ಕೆಯನ್ನು ಒತ್ತಬೇಕು. ಯಂತ್ರ ಆರಿಹೋಗುತ್ತದೆ, ಮತ್ತೆ ಚಾರ್ಜರ್ ಚುಚ್ಚುವವರೆಗೆ ಎಚ್ಚರವಾಗುವುದಿಲ್ಲ. ಬಿಚ್ಚುವವನ ಕೈಯ ಚಿಂತೆಯನ್ನು ತಯಾರಿಸಿದವರೇ ಮಾಡಿಟ್ಟ ಹಾಗಿದೆ ಇದು. ತಳದ ಮುಚ್ಚಳದ ತಿರುಪುಗಳು ಸಡಿಲವಾದರೂ ಕೆಳಗೆ ಬೀಳದೆ ತಂತಮ್ಮ ಗೂಡಿನಲ್ಲೇ ಉಳಿಯುತ್ತವೆ, ಹಾಗಾಗಿ ಪಂಚೆಯ ನೆರಿಗೆಯಲ್ಲಿ ತಿರುಪು ಹುಡುಕುವ ನನ್ನ ಹಳೆಯ ಕರ್ಮ ತಪ್ಪಿತು. ಒಳಗಿನ ತಿರುಪುಗಳನ್ನು ಕಳಚಿ, ಮೇಲಿನ ಚೌಕಟ್ಟನ್ನು ಸರಿಸಿದರೆ ಕೀಲಿಮಣೆ ಹಲಸಿನ ತೊಳೆಯಂತೆ ಇಡಿಯಾಗಿ ಎದ್ದು ಬರುತ್ತದೆ, ತೆಳ್ಳನೆಯ ರಿಬ್ಬನ್ ತಂತಿಗಳ ಕೊಂಡಿ ಎತ್ತಿದರೆ ಮುಗಿಯಿತು. ಮದರ್‌ಬೋರ್ಡನ್ನು ಮುಟ್ಟುವ ಪ್ರಮೇಯವೇ ಇಲ್ಲ. ಅದೇ ತಿಂಗಳು ನನ್ನ ಅಕ್ಕನ ಮಗ ತನ್ನ ತೆಳ್ಳನೆಯ ಹೊಸ ಲ್ಯಾಪ್‌ಟಾಪನ್ನು ತಂದಿದ್ದ. ಅದರ ಕೀಲಿಮಣೆಯನ್ನು ಪ್ಲಾಸ್ಟಿಕ್ ಕರಗಿಸಿ ಮೇಲ್ಭಾಗಕ್ಕೇ ಅಂಟಿಸಿದ್ದರು. ಒಂದು ಕೀಲಿಗಾಗಿ ಯಂತ್ರದ ಅರ್ಧ ಮೈಯನ್ನೇ ಬದಲಿಸಬೇಕಿತ್ತು. ಅವನು ಈಗ ಹೊರಗಿನಿಂದ ಯುಎಸ್‌ಬಿ ಕೀಲಿಮಣೆಯೊಂದನ್ನು ತಗುಲಿಸಿಕೊಂಡು ತಿರುಗುತ್ತಾನೆ.

ಇಷ್ಟೆಲ್ಲ ಹೊಗಳಿದ ಮೇಲೆ ಹೇಳಲೇಬೇಕಾದ ಕಹಿ ಮಾತೊಂದಿದೆ. ಸುಲಭವಾಗಿ ಬದಲಿಸಬಹುದು ಎಂಬ ಗುಣಕ್ಕೆ ಬೆಲೆ ಬರುವುದು, ಬದಲಿಗೆ ಹಾಕಲು ಯೋಗ್ಯವಾದ ಬಿಡಿಭಾಗ ಕೈಗೆ ಸಿಕ್ಕಾಗ. ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಕೇಳಿದೆ. ‘ಆರ್ಡರ್ ಮಾಡಿ ತರಿಸಿ ಕೊಡುತ್ತೇವೆ’ ಎಂದವರೆಲ್ಲ ತರಿಸುವುದು ನಾವು ಮೊಬೈಲಿನಲ್ಲಿ ನೋಡುವ ಸರಕನ್ನೇ. ಆದ್ದರಿಂದ ಸಾವಿರದ ಆರುನೂರು ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ನಾನೇ ತರಿಸಿದೆ. ‘ಅಸಲಿ, ಹೊಚ್ಚ ಹೊಸದು’ ಎಂದು ಬರೆದಿತ್ತು, ಡಬ್ಬದ ಮೇಲೆ ಮಿನುಗುವ ಚೀಟಿಯೂ ಇತ್ತು. ಕೂರಿಸಿ ಮೊದಲ ಪದ ಬರೆದಾಗಲೇ ಮೋಸ ತಿಳಿಯಿತು. ಅಸಲಿ ಕೀಲಿಗಳು ಅಂಚಿನಲ್ಲಿ ಒತ್ತಿದರೂ ಸಮನಾಗಿ ಕೆಳಗಿಳಿಯುತ್ತವೆ. ಇವು ನೆನೆದ ಅವಲಕ್ಕಿಯಂತೆ, ಒತ್ತಿದ ಮೂಲೆಯಲ್ಲಿ ಮಾತ್ರ ಕುಸಿಯುತ್ತಿದ್ದವು. ಜಿ, ಎಚ್, ಬಿ ನಡುವಿನ, ಮೌಸಿನ ಕೆಲಸ ಮಾಡುವ ಕೆಂಪು ಗುಂಡಿ ಕೈ ಬಿಟ್ಟ ಮೇಲೂ ಬಾಣದ ಗುರುತನ್ನು ಮೆಲ್ಲಗೆ ಮೇಲಕ್ಕೆ ತಳ್ಳುತ್ತಿತ್ತು. ಅದನ್ನು ನಾನು ಹೆಚ್ಚು ಬಳಸುವುದಿಲ್ಲವೆಂದು ಬಿಟ್ಟೆ. ಎರಡೇ ತಿಂಗಳಿಗೆ, ಅಕ್ಟೋಬರಿನಲ್ಲಿ, ಎಫ್ ಪೂರ್ತಿ ನಿಂತುಹೋಯಿತು. ಮಾರಿದವರಿಗೆ ಬರೆದರೆ, ನೀವು ಡಬ್ಬ ಒಡೆದಿದ್ದೀರಿ, ಹಿಂದಕ್ಕೆ ಪಡೆಯಲಾಗದು ಎಂಬ ಉತ್ತರ ಬಂತು. ಕೀಲಿಮಣೆಯನ್ನು ಡಬ್ಬ ಒಡೆಯದೆ ಪರೀಕ್ಷಿಸುವ ವಿದ್ಯೆ ನನಗೆ ತಿಳಿಯದು.

ಬ್ಯಾಟರಿಯದೂ ಅದೇ ಕಥೆ, ಚಿಕ್ಕದಾಗಿ ಹೇಳುತ್ತೇನೆ. ಹಿಂಬದಿಯ ಹಳೆಯ ಬ್ಯಾಟರಿ ಸೊರಗಿದಾಗ ಮತ್ತೊಬ್ಬ ಮಾರಾಟಗಾರನಿಂದ ತರಿಸಿದ್ದು ತನ್ನನ್ನು 72 ವ್ಯಾಟ್-ಅವರ್ ಎಂದೇ ಪರಿಚಯಿಸಿಕೊಂಡಿತು. ಆದರೆ ಆರನೆಯ ತಿಂಗಳಿನಿಂದ, ಶೇಕಡಾ 35 ತೋರಿಸುತ್ತಿರುವಾಗಲೇ ಏಕಾಏಕಿ ಸೊನ್ನೆಗೆ ಬೀಳುತ್ತದೆ. ಒಳಬ್ಯಾಟರಿ ಇರುವುದರಿಂದ ಕೆಲಸ ಕೆಡುವುದಿಲ್ಲ. ಅಸಲಿ ಬ್ಯಾಟರಿ ಇನ್ನೂ ಚೆನ್ನಾಗಿರುವವರು ಶೇಕಡಾ 80ಕ್ಕೆ ಚಾರ್ಜ್ ನಿಲ್ಲುವ ಮಿತಿಯನ್ನು ಇಂದೇ ಹಾಕಿಕೊಳ್ಳಿ. ಸದಾ ತುಂಬಿಕೊಂಡೇ ಇರುವ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ, ಈ ಯಂತ್ರ ಅಂಥ ಮಿತಿಗೆ ಲಿನಕ್ಸಿನಲ್ಲೂ ಒಪ್ಪುತ್ತದೆ. ನಾನು ಎರಡು ವರ್ಷ ತಡವಾಗಿ ಹಾಕಿದೆ.

ಆ ನವೆಂಬರಿನಲ್ಲಿ ಕೆಲಸದ ನಿಮಿತ್ತ ಬೆಂಗಳೂರಿಗೆ ಹೋದವನು ಎಸ್.ಪಿ. ರಸ್ತೆಯ ಮಹಡಿಯ ಮೇಲಿನ ಗೂಡಂಗಡಿಯೊಂದನ್ನು ಹತ್ತಿದೆ. ಅಲ್ಲಿ ಸತ್ತ ಲ್ಯಾಪ್‌ಟಾಪುಗಳ ಕೀಲಿಮಣೆಗಳನ್ನು ಹಪ್ಪಳದ ಹಾಗೆ ಒಂದರ ಮೇಲೊಂದು ಪೇರಿಸಿದ್ದರು. ಹೊಸದು ಬೇಡ, ಬಿಚ್ಚಿದ ಅಸಲಿಯೇ ಬೇಕೆಂದು ಕೇಳಿದಾಗ ಅಂಗಡಿಯ ಹುಡುಗ ನಾಲ್ಕನ್ನು ಮುಂದಿಟ್ಟ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಇ, ಎ, ಎಸ್, ಎನ್ ಕೀಲಿಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು, ಸ್ಪೇಸ್‌ಬಾರಿನ ಬಲತುದಿಯಲ್ಲಿ ಹೆಬ್ಬೆರಳಿನ ಅಚ್ಚು ಮೂಡಿತ್ತು. ಎಫ್ ಕೀಲಿಯ ಮೈ ಮಾತ್ರ ಮರಳುಮರಳಾಗಿ, ಉಬ್ಬುಗೆರೆ ಚೂಪಾಗಿ, ಕಾರ್ಖಾನೆಯಿಂದ ನಿನ್ನೆ ಬಂದಂತಿತ್ತು. ನಾಲ್ಕರಲ್ಲೂ ಹಾಗೆಯೇ! ಇಂಗ್ಲಿಷ್ ಬರೆದವರು ಸವೆಸಿದ ಕೀಲಿಗಳು ಬೇರೆ, ನಾನು ಸವೆಸುವ ಕೀಲಿ ಬೇರೆ. ಅವರ ಎಂಜಲು ನನಗೆ ಪ್ರಸಾದವಾಗುವ ಈ ಲೆಕ್ಕ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಒಂದಕ್ಕೆ ಒಂಬೈನೂರರಂತೆ ಎರಡನ್ನು ಕೊಂಡೆ. ಹುಡುಗ ಇನ್ನೂರು ಇಳಿಸಿದ.

ಅದರಲ್ಲಿ ಒಂದು ಈಗ ಯಂತ್ರದಲ್ಲಿದೆ, ಈ ವಿಮರ್ಶೆಯನ್ನು ಅದರಲ್ಲೇ ಬರೆಯುತ್ತಿದ್ದೇನೆ. ಮತ್ತೊಂದು ಮಳೆಗಾಲವೂ ಕಳೆಯಿತು, ಒಂದು ಹಲಂತವೂ ತಪ್ಪಿಲ್ಲ.

ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಅವರ ಕಸುಬನ್ನು ಅವಲಂಬಿಸಿದೆ. ವಿಡಿಯೋ ಕತ್ತರಿಸುವವರಿಗೆ, ಹಗುರವಾದದ್ದು ಬೇಕೆನ್ನುವವರಿಗೆ ಇದು ಬೇಡ. ದಿನಕ್ಕೆ ಹತ್ತು ಪುಟ ಕನ್ನಡ ಬರೆಯುವ, ತಿರುಪುಳಿ ಹಿಡಿಯಲು ಅಂಜದ, ಮೂವತ್ತು ಸಾವಿರದೊಳಗೆ ಮುಗಿಸಬೇಕಾದ ಮಂದಿ ಧೈರ್ಯವಾಗಿ ಕೊಳ್ಳಬಹುದು. ಆದರೆ ಯಂತ್ರದ ಬೆಲೆಗೆ ಎರಡು ಸಾವಿರ ಸೇರಿಸಿ, ಬಿಚ್ಚಿದ ಅಸಲಿ ಕೀಲಿಮಣೆಯೊಂದನ್ನು ಅದೇ ದಿನ, ಅದೇ ಬೀದಿಯಲ್ಲಿ, ಬೆಳಕಿಗೆ ಹಿಡಿದು ನೋಡಿ ತನ್ನಿ. ಮನೆಗೆ ಬಂದ ಮೇಲೆ ತರಿಸಿಕೊಂಡರಾಯಿತು ಎಂದುಕೊಳ್ಳಬೇಡಿ.

ನನ್ನ ಎರಡನೆಯ ಕೀಲಿಮಣೆ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ, ಸಿಲಿಕಾ ಪೊಟ್ಟಣಗಳ ನಡುವೆ, ಅದೇ ಬೆಚ್ಚನೆಯ ಕಪಾಟಿನಲ್ಲಿ ಮಲಗಿದೆ. ಕಳೆದ ವಾರ ಹೊರತೆಗೆದು ಬೂಷ್ಟು ಬಂದಿದೆಯೇ ಎಂದು ನೋಡಿದೆ, ಬಂದಿರಲಿಲ್ಲ. ಅದರ ಹಿಂದಿನ ಯಜಮಾನ ಲೆಕ್ಕಪತ್ರದವನಿರಬೇಕು, ಮೇಲಿನ ಸಾಲಿನ ಸೊನ್ನೆಯ ಕೀಲಿ ಕನ್ನಡಿಯಂತೆ ಹೊಳೆಯುತ್ತಿದೆ.