ಮೊದಲ ಪ್ಯಾನೆಲ್: ಕನ್ವೆನ್ಷನಲ್ಲೋ, ಅಡ್ರೆಸಬಲ್ಲೋ?

ಅಮೆರಿಕದಲ್ಲಿ ಹಳೆಯ ಫೈರ್ ಅಲಾರ್ಮ್ ಪ್ಯಾನೆಲ್‌ಗಳನ್ನು (ಅಲಾರ್ಮ್ ವ್ಯವಸ್ಥೆಯ ನಿಯಂತ್ರಣ ಪೆಟ್ಟಿಗೆಗಳನ್ನು) ಸಂಗ್ರಹಿಸಿ ಪರೀಕ್ಷಿಸುವ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರು ಫೈರ್-ಲೈಟ್ ಕಂಪನಿಯ ಎರಡು ಮಾದರಿಗಳನ್ನು ಎದುರುಬದುರಿಟ್ಟು ನೋಡುವುದು ಒಳ್ಳೆಯದು.

ಎಂಎಸ್-4 ನಾಲ್ಕು ವಲಯಗಳ ಕನ್ವೆನ್ಷನಲ್ ಪ್ಯಾನೆಲ್, ಅಂದರೆ ಅಲಾರ್ಮ್ ಯಾವ ವಲಯದ್ದೆಂದಷ್ಟೇ ತೋರಿಸುತ್ತದೆ, ಯಾವ ಸಾಧನದ್ದೆಂದಲ್ಲ. ಪ್ರತಿ ವಲಯದ ತಂತಿಯ ತುದಿಗೆ 4.7 ಕಿಲೋ ಓಮ್ ರೆಸಿಸ್ಟರ್ ಕೂರಿಸಿದರೆ ಅದರ ಮೂಲಕ ಸಣ್ಣ ಕರೆಂಟ್ ಸದಾ ಹರಿಯುತ್ತಿರುತ್ತದೆ. ತಂತಿ ಬಿಚ್ಚಿದೊಡನೆ ಆ ಹರಿವು ನಿಂತು ದೋಷ ಸೂಚಿಸುವ ಹಳದಿ ಟ್ರಬಲ್ ದೀಪ ಹೊತ್ತುತ್ತದೆ, ಪುಲ್ ಸ್ಟೇಷನ್ (ಬೆಂಕಿ ಕಂಡಾಗ ಕೈಯಿಂದ ಎಳೆಯುವ ಗೋಡೆಯ ಹಿಡಿ) ಎಳೆದರೆ ಕರೆಂಟ್ ಏರಿ ಅಲಾರ್ಮ್ ಮೊಳಗುತ್ತದೆ. ಮಲ್ಟಿಮೀಟರ್ ಹಿಡಿದು ಇದನ್ನೆಲ್ಲ ಕಣ್ಣಾರೆ ಕಾಣುವುದೇ ದೊಡ್ಡ ಪಾಠವೆಂದು ನನ್ನ ನಂಬಿಕೆ.

ಎಂಎಸ್-9050ಯುಡಿ 50 ವಿಳಾಸಗಳ ಅಡ್ರೆಸಬಲ್ ಪ್ಯಾನೆಲ್, ಅಂದರೆ ಪ್ರತಿ ಸಾಧನಕ್ಕೂ ತನ್ನದೇ ಸಂಖ್ಯೆ ಇರುತ್ತದೆ. ಹೊಗೆ ಪತ್ತೆಮಾಡುವ ಡಿಟೆಕ್ಟರ್‌ನ ಪುಟ್ಟ ಚಕ್ರಗಳನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ಸಂಖ್ಯೆ ಕೊಟ್ಟರೆ, ಅಲಾರ್ಮ್ ಕೊಟ್ಟಿದ್ದು ಯಾವುದೆಂದು ಪರದೆಯೇ ತಿಳಿಸುತ್ತದೆ. ಆದರೆ ಅದಕ್ಕೆ ಹೊಂದುವ ಸಾಧನಗಳನ್ನೇ ಹುಡುಕಬೇಕು. ಹಿಂದಿನ ಮಾಲೀಕರು ಪ್ಯಾನೆಲ್‌ನ ಪಾಸ್‌ವರ್ಡ್ ಬದಲಿಸಿದ್ದರೆ ತೊಡಕು ಹೆಚ್ಚು.

ಎರಡಕ್ಕೂ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಬೇಕು. ಮೊದಲಿಗೆ ಎಂಎಸ್-4 ಅನ್ನೇ ಕೊಳ್ಳಿ.