ಕಲ್ಲುಹೂವು ನಾಟಿಗೆ ಗಾಜ್ ಬಟ್ಟೆ: ಪುಡಿಗೆ ಸೈ, ಹಾಳೆಗೆ ಬೇಡ

ಗಾಯಕ್ಕೆ ಕಟ್ಟುವ, ಔಷಧಿ ಅಂಗಡಿಯ ಹತ್ತಿಯ ಗಾಜ್ ಬಟ್ಟೆ ಅಳಿವಿನಂಚಿನ ಕಲ್ಲುಹೂವುಗಳನ್ನು, ಅಂದರೆ ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಲೈಕೆನ್‌ಗಳನ್ನು ಮರದಿಂದ ಮರಕ್ಕೆ ದಾಟಿಸಲು ಬಳಕೆಯಾಗುವುದು ಹೊಸತೇನಲ್ಲ. ಸ್ವಿಟ್ಜರ್ಲೆಂಡಿನ ಲೈಕೆನ್ ತಜ್ಞ ಕ್ರಿಸ್ಟೋಫ್ ಶೈಡೆಗ್ಗರ್ ಇಂಥ ಬಟ್ಟೆಯ ಮೇಲೆ, ಎಲೆಯಂತೆ ಹರಡುವ ಲೋಬೇರಿಯಾ ಪಲ್ಮೊನೇರಿಯಾ ಎಂಬ ಲೈಕೆನ್ನಿನ ಪುಡಿ ಉದುರಿಸಿ, ತೊಗಟೆಗೆ ಹಚ್ಚಿ ಬೆಳೆಸಿದ ಪ್ರಯೋಗವನ್ನು 1995ರಲ್ಲೇ ಪ್ರಕಟಿಸಿದ್ದರು. ಇದೇ ಕೆಲಸಕ್ಕೆ ಬಳಸುವ ಅಂಟು ಮತ್ತು ನೈಲಾನ್ ಬಲೆಗೆ ಹೋಲಿಸಿದರೆ ಈ ಬಟ್ಟೆ ಎಷ್ಟು ಪ್ರಯೋಜನಕ್ಕೆ ಬರುತ್ತದೆ?

ಪುಡಿಯ ಕೆಲಸಕ್ಕೆ ಇದನ್ನು ಮೀರಿಸುವ ವಸ್ತು ಇಲ್ಲ. ಪುಡಿ ಎಂದರೆ ಸೊರೀಡಿಯಾ: ಪಾಚಿಯ ಕೆಲವು ಕೋಶಗಳು, ಅವನ್ನು ಸುತ್ತಿದ ಶಿಲೀಂಧ್ರದ ಎಳೆಗಳು. ಶಿಲೀಂಧ್ರದ ಬೀಜಕ ಒಂಟಿಯಾಗಿ ಹಾರಿ ಹೊಸ ಮರದಲ್ಲಿ ಪಾಚಿಯನ್ನು ಹುಡುಕಿಕೊಳ್ಳಬೇಕು; ಸೊರೀಡಿಯಾಕ್ಕೆ ಆ ಕಷ್ಟವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ತಾಯಿಮರದ ಆಸುಪಾಸಿನಲ್ಲೇ ಬೀಳುತ್ತವೆ, ನುಣುಪಾದ ತೊಗಟೆಗೆ ಬಿದ್ದವು ಮೊದಲ ಮಳೆಗೇ ತೊಳೆದುಹೋಗುತ್ತವೆ. ಕಾಡು ತುಂಡಾದಲ್ಲಿ ಲೈಕೆನ್ ಮುಂದಿನ ತೋಪಿಗೆ ದಾಟದಿರಲು ಇದೂ ಕಾರಣ. ಗಾಜ್‌ನ ನೇಯ್ಗೆ ಪುಡಿಯನ್ನು ಹಿಡಿದು ತೇವವನ್ನು ತುಸು ಹೊತ್ತು ಉಳಿಸುತ್ತದೆ. ಎಳೆಗಳು ಮೊದಲು ಹತ್ತಿಯ ನೂಲಿಗೆ ಸುತ್ತಿಕೊಂಡು, ಆಮೇಲೆ ತೊಗಟೆಗೆ ಇಳಿಯುತ್ತವೆ.

ಕೊಳ್ಳುವಾಗ ಔಷಧಿ ಸವರದ ಬರೀ ಹತ್ತಿಯದನ್ನೇ ಆರಿಸಿ. ಅಯೋಡಿನ್ ಅಥವಾ ಬೆಳ್ಳಿಯ ಲೇಪವಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಪ್ಯಾರಾಫಿನ್ ಗಾಜ್ ನೀರು ಹೀರುವುದೇ ಇಲ್ಲ. ಹೆಸರಾಂತ ಕಂಪನಿಯದಕ್ಕೆ ಹೆಚ್ಚು ದುಡ್ಡು ಸುರಿಯುವ ಅಗತ್ಯವಿಲ್ಲ, ಸಡಿಲ ನೇಯ್ಗೆಯ ಅಗ್ಗದ ಬಟ್ಟೆಯೇ ವಾಸಿ.

ಪುಡಿ ಕೊಡುವ ಲೈಕೆನ್ ಅನ್ನು ಬಿದ್ದ ಕೊಂಬೆಗಳಿಂದ ತೆಗೆದುಕೊಳ್ಳಿ. ನೆಲದಲ್ಲಿದ್ದರೆ ಅದು ಹೇಗೂ ಸಾಯುತ್ತದೆ. ಸಂರಕ್ಷಿತ ಕಾಡಾದರೆ ಮೊದಲು ಅನುಮತಿ. ಒಂದೇ ಮರದ್ದಾದರೆ ಎಲ್ಲವೂ ಒಂದೇ ವಂಶದ ನಕಲುಗಳಾಗಿರಬಹುದು, ಹಾಗಾಗಿ ಹಲವು ಮರಗಳದ್ದನ್ನು ಸೇರಿಸಿ. ಗಾಳಿಯಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಒಯ್ಯಿರಿ. ಒದ್ದೆಯಾಗಿ ಪ್ಲಾಸ್ಟಿಕ್ ಚೀಲದೊಳಗೆ ಉಳಿದರೆ ಬೂಸ್ಟು ಹಿಡಿಯುತ್ತದೆ. ಪುಡಿಯನ್ನು ಮೆತ್ತನೆಯ ಬ್ರಷ್‌ನಿಂದ ಕೆರೆದು, ಮಳೆನೀರು ಚಿಮುಕಿಸಿದ ಒಂದೇ ಪದರದ ಗಾಜ್ ತುಂಡಿನ ಮೇಲೆ ತೆಳುವಾಗಿ ಉದುರಿಸಿ, ಒಣಗಲು ಬಿಡಿ. ಎರಡು ಸೆಂಟಿಮೀಟರ್ ಚೌಕದ ತುಂಡು ಸಾಕು. ಪದರ ಹೆಚ್ಚಾದಷ್ಟೂ ಬೆಳಕು ಕಡಿಮೆ, ಬೇರೆ ಪಾಚಿ ಮತ್ತು ಹಾವಸೆಗೆ ಹಬ್ಬ.

ಬಟ್ಟೆಯನ್ನು ತೊಗಟೆಗೆ ಹೊಡೆಯುವ ಪಿನ್ ಸ್ಟೇನ್‌ಲೆಸ್ ಸ್ಟೀಲ್‌ನದೇ ಆಗಿರಲಿ. ಇಡೀ ಕೆಲಸವನ್ನು ಕೆಡಿಸುವುದು ಹೆಚ್ಚಾಗಿ ತಪ್ಪು ಪಿನ್ನೇ. ಸತು ಲೇಪಿಸಿದ್ದು ಅಥವಾ ತಾಮ್ರದ್ದಾದರೆ ಮಳೆಯಲ್ಲಿ ಕರಗಿ ಇಳಿಯುವ ಲೋಹ ಲೈಕೆನ್‌ಗೆ ವಿಷ. ಗೋಡೆಯ ಮೇಲೆ ಹಾಯ್ದ ತಾಮ್ರದ ತಂತಿಯ ಕೆಳಗೆ ಲೈಕೆನ್ ಇಲ್ಲದ ಪಟ್ಟೆಯನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ನಾಲ್ಕೂ ಮೂಲೆಗೆ ಬೇಡ, ಮೇಲಿನ ಎರಡಕ್ಕೆ ಹೊಡೆದು ಕೆಳಗೊಂದು ಸಾಕು. ಬಟ್ಟೆ ತೊಗಟೆಗೆ ತಾಗಿಯೇ ಇರಬೇಕು.

ಹಾಳೆಯ, ಅಂದರೆ ಲೈಕೆನ್ನಿನ ಎಲೆಯಂಥ ಮೈಯ, ತುಂಡು ನೆಡಲು ಮಾತ್ರ ಗಾಜ್ ಪ್ರಯೋಜನವಿಲ್ಲ. ಒದ್ದೆಯಾದಾಗ ಹಾಳೆ ಹಿಗ್ಗಿ, ಒಣಗಿದಾಗ ಕುಗ್ಗಿ, ಬಟ್ಟೆಯಿಂದ ಜಾರಿ ಬೀಳುತ್ತದೆ. ಅದಕ್ಕೆ ದೊಡ್ಡ ಕಣ್ಣಿನ ನೈಲಾನ್ ಬಲೆಯೇ ಸರಿ. ಅಂಟು ಬೇಗ ಹಿಡಿಯುತ್ತದೆ, ಆದರೆ ಹಾಳೆಯ ಅಡಿಭಾಗವನ್ನು ಮುಚ್ಚಿಬಿಡುತ್ತದೆ. ಹುಳಿವಾಸನೆ ಬರುವ ಸಿಲಿಕೋನ್ ಅಸಿಟಿಕ್ ಆಮ್ಲ ಬಿಡುವುದರಿಂದ ಅದರ ಗೊಡವೆಯೇ ಬೇಡ.

ಬಟ್ಟೆ ಎಷ್ಟೇ ಒಳ್ಳೆಯದಿದ್ದರೂ ಮರ ತಪ್ಪಿದರೆ ಫಲವಿಲ್ಲ. ಲೋಬೇರಿಯಾಕ್ಕೆ ತೊಗಟೆಯ ಪಿಎಚ್ ಸುಮಾರು 5ಕ್ಕಿಂತ ಮೇಲಿದ್ದರೆ ಒಳ್ಳೆಯದು. ಆಮ್ಲಮಳೆಗೆ ಸಿಕ್ಕ ಮರಗಳಲ್ಲಿ ಅದು ಇಳಿದಿರುತ್ತದೆ. ನೇರ ಬಿಸಿಲು ಬೀಳುವ ಬದಿಯಾಗಲಿ, ಕಾಂಡದ ಮೇಲೆ ಮಳೆನೀರು ಧಾರೆಯಾಗಿ ಇಳಿಯುವ ಜಾಡಾಗಲಿ ಬೇಡ. ಬಸವನಹುಳು ಮತ್ತು ಗೊಂಡೆಹುಳುಗಳು ಎಳೆಯ ಹಾಳೆಗಳನ್ನು ಮೇಯುತ್ತವೆ, ಬುಡಕ್ಕೆ ಹತ್ತಿರವಿದ್ದಷ್ಟೂ ಅವುಗಳ ಕಾಟ ಜಾಸ್ತಿ. ಎದೆಮಟ್ಟದ ಎತ್ತರ ಅನುಕೂಲ.

ಮೊದಲ ವರ್ಷ ಬರಿಗಣ್ಣಿಗೆ ಏನೂ ಕಾಣದಿದ್ದರೆ ಸೋತೆವೆಂದು ಬಟ್ಟೆ ಕೀಳಬೇಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ, ನೂಲುಗಳ ನಡುವೆ ಹಸಿರು ಗುಳ್ಳೆಗಳು ಉಳಿದಿವೆಯೇ ನೋಡಿ. ಪ್ರತಿ ತುಂಡಿನ ಪಕ್ಕದಲ್ಲೇ ಪುಡಿ ಹಾಕದ ಒಂದು ಖಾಲಿ ತುಂಡನ್ನೂ ಹೊಡೆದಿರಬೇಕು, ಇಲ್ಲವಾದರೆ ತಾನಾಗಿ ಬಂದದ್ದು ಯಾವುದು, ನೆಟ್ಟದ್ದು ಯಾವುದು ತಿಳಿಯುವುದಿಲ್ಲ. ಹತ್ತಿ ಕೊಳೆತು ಉದುರಿದ ಮೇಲೂ ಪಿನ್ ತೊಗಟೆಯಲ್ಲೇ ಇರುತ್ತದೆ. ಅದನ್ನು ಕಿತ್ತುಬಿಡಿ, ಎಳೆಯ ಹಾಳೆ ಅದರ ಮೇಲೇ ಹಬ್ಬಿದ್ದರೆ ಮಾತ್ರ ಮುಟ್ಟಬೇಡಿ.