ಜ್ಯೇಷ್ಠದ ಒತ್ತಿನೊಳಗಿನ ಚುಕ್ಕೆ: 24 ಇಂಚಿನ ಗೇಮಿಂಗ್ ಮಾನಿಟರ್ ಜೊತೆ 14 ತಿಂಗಳು

ನಾನು ಈ ಮಾನಿಟರ್ ತಗೊಂಡಿದ್ದು ಒಂದು ಚುಕ್ಕೆಯಿಂದಾಗಿ.

ಸಾಗರದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಇಷ್ಟೇ ಕೆಲಸ. 2024ರಲ್ಲಿ ಒಂದು ಮದುವೆ ಕಾರ್ಡು ಅಚ್ಚಾಗಿ, ಕಟ್ಟಾಗಿ, ಅವರ ಮನೆಗೂ ಹೋಗಿ ಮುಟ್ಟಿತ್ತು. ಮಾರನೇ ದಿನ ಬೆಳಗ್ಗೆ ಹುಡುಗನ ಅಜ್ಜ ಒಂದು ಕಾರ್ಡು ಹಿಡಿದುಕೊಂಡು ಬಂದರು. “ಇಲ್ನೋಡು ತಮ್ಮಾ, ಜ್ಯೇಷ್ಟ ಪುತ್ರ ಅಂತ ಆಗಿದೆ. ಠ ಎಲ್ಲಿ?” ಅಂದರು. ಷ ಕೆಳಗೆ ಬರಬೇಕಾದದ್ದು ಠ ಒತ್ತು. ಒಂದು ಪುಟ್ಟ ಸೊನ್ನೆ, ಅದರೊಳಗೆ ಒಂದು ಚುಕ್ಕೆ. ಬಿದ್ದಿದ್ದು ಟ ಒತ್ತು. ಪರದೆ ಮೇಲೆ ಮೂರು ಸಲ ಓದಿದ್ದೆ, ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ. ಒಂದಕ್ಕೆ 14 ರೂಪಾಯಿಯಂತೆ 400 ಕಾರ್ಡು ನನ್ನ ಖರ್ಚಲ್ಲಿ ಮತ್ತೆ ಅಚ್ಚಾದವು.

ಆಗ ಇದ್ದದ್ದು 18.5 ಇಂಚಿನ ಹಳೇ ಮಾನಿಟರ್. 1366×768 ಪಿಕ್ಸೆಲ್, ಅಂದರೆ ಅಡ್ಡಕ್ಕೆ 1366, ಉದ್ದಕ್ಕೆ 768 ಬೆಳಕಿನ ಚುಕ್ಕೆ. ಅದೇ ನೀಲಿ ತುದಿಯ ವಿಜಿಎ ಕೇಬಲ್. ಇಡೀ ಕಾರ್ಡು ಒಟ್ಟಿಗೆ ಕಾಣೋ ಹಾಗೆ ಇಟ್ಟುಕೊಂಡರೆ ಮೇಲಿಂದ ಕೆಳಗೆ 768 ಸಾಲು ಪಿಕ್ಸೆಲ್‌ನಲ್ಲೇ ಎಲ್ಲ ಅಕ್ಷರ ಹಿಡಿಸಬೇಕು. ಠ ಒತ್ತು ಸರಿಯಾಗಿ ಕಾಣಬೇಕಾದರೆ ಎಷ್ಟು ಬೇಕು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಸೊನ್ನೆಯ ಒಂದು ಕಡೆ ಗೆರೆ, ಸ್ವಲ್ಪ ಖಾಲಿ, ಚುಕ್ಕೆ, ಮತ್ತೆ ಖಾಲಿ, ಇನ್ನೊಂದು ಕಡೆ ಗೆರೆ. ಕಡಿಮೆ ಅಂದರೂ ಐದು ಪಿಕ್ಸೆಲ್. ಅದಕ್ಕಿಂತ ಕಡಿಮೆಯಾದರೆ ಒಳಗಿನ ಖಾಲಿ ಜಾಗ ಮುಚ್ಚಿಕೊಂಡು ಬರೀ ಕಪ್ಪು ಉಂಡೆ ಆಗುತ್ತದೆ. ಅದು ಟ ಒತ್ತೋ ಠ ಒತ್ತೋ ಹೇಳೋಕೆ ಆಗಲ್ಲ. ವಿಜಿಎ ಕೇಬಲ್ ಅದರ ಮೇಲೆ ಇನ್ನಷ್ಟು ಮಸುಕು ಹಚ್ಚುತ್ತಿತ್ತು.

ಇನ್ನೊಂದು ವಿಷಯ. ರಾತ್ರಿ ಶಟರ್ ಎಳೆದ ಮೇಲೆ ನಾನು ಒಂದು ಗಂಟೆ ವ್ಯಾಲರಂಟ್ ಅನ್ನೋ ಗುಂಡು ಹಾರಿಸೋ ಕಂಪ್ಯೂಟರ್ ಆಟ ಆಡುತ್ತೇನೆ. ಆಷಾಢದಲ್ಲಿ ಮದುವೆ ಇರಲ್ಲ, ಆಗ ಎರಡು ಗಂಟೆ. ಹಾಗಾಗಿ ಹಗಲಿಗೂ ರಾತ್ರಿಗೂ ಒಂದೇ ಮಾನಿಟರ್ ಬೇಕಿತ್ತು. ಬಜೆಟ್ 10,000 ರೂಪಾಯಿ. ಒಂದು ರೂಪಾಯಿ ಜಾಸ್ತಿ ಇರಲಿಲ್ಲ.

ಅಂಗಡಿಗೆ ಅಂತ 70 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹೋದೆ. ಪೆನ್ ಡ್ರೈವ್‌ನಲ್ಲಿ ಅದೇ ಲಗ್ನಪತ್ರಿಕೆಯ ಪಿಡಿಎಫ್ ಹಾಕಿಕೊಂಡು ಹೋಗಿದ್ದೆ, ಈ ಸಲ ತಿದ್ದಿದ್ದು. ಅಂಗಡಿ ಹುಡುಗ ನೋಡಿ, “ಎಲ್ರೂ ಗೇಮ್ ಹಾಕಿ ತೋರ್ಸಿ ಅಂತಾರೆ, ನೀವು ಮದ್ವೆ ಕಾರ್ಡ್ ತಂದಿದೀರಲ್ಲ ಸರ್” ಅಂದ. ಪಾಪ, ಬೇಜಾರು ಮಾಡಿಕೊಳ್ಳದೆ ನಾಲ್ಕು ಮಾನಿಟರ್‌ಗೂ ಹಾಕಿ ತೋರಿಸಿದ.

ಮೊದಲು ತೋರಿಸಿದ್ದು 27 ಇಂಚು. ದುಡ್ಡಿಗೆ ದೊಡ್ಡದು ಬರುತ್ತೆ ಅಂತ ತುಂಬಾ ಜನ ಇದನ್ನೇ ತಗೊಳ್ತಾರೆ. ಆದರೆ ಅದೂ 1920×1080, 24 ಇಂಚಿನದೂ 1920×1080. ಅದೇ ಪಿಕ್ಸೆಲ್‌ಗಳನ್ನು ದೊಡ್ಡ ಗಾಜಿನ ಮೇಲೆ ಹರಡಿದ ಹಾಗೆ. 27 ಇಂಚಿನಲ್ಲಿ ಒಂದು ಇಂಚಿಗೆ ಸುಮಾರು 82 ಪಿಕ್ಸೆಲ್, 24ರಲ್ಲಿ ಸುಮಾರು 92. ನನ್ನ ಹಳೇ 18.5 ಇಂಚಿನದು ಸುಮಾರು 85. ಅಂದರೆ ಅಷ್ಟು ದುಡ್ಡು ಕೊಟ್ಟು ಹಳೇದಕ್ಕಿಂತಲೂ ಒರಟು ಅಕ್ಷರ ಮನೆಗೆ ತರುತ್ತಿದ್ದೆ. ಸಿನಿಮಾ ನೋಡೋರಿಗೆ, ದೂರ ಕೂತು ಆಡೋರಿಗೆ ಪರವಾಗಿಲ್ಲ. ಕನ್ನಡ ಓದೋರು, ಅದರಲ್ಲೂ ಒತ್ತಕ್ಷರದ ಮೇಲೆ ಕಣ್ಣಿಡೋರು ಇದನ್ನು ಬಿಟ್ಟುಬಿಡಿ. ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಇನ್ನೊಂದು ಅಕ್ಷರ ನೇತಾಡೋದಿಲ್ಲ. ನಮಗೆ ‘ರಾಷ್ಟ್ರ’ ಅನ್ನೋ ಒಂದು ಮಾತಿನಲ್ಲೇ ಷ ಕೆಳಗೆ ಎರಡು ಒತ್ತು.

ಎರಡನೇದು ಬಾಗಿದ ಪರದೆಯದು, ವಿಎ ಅನ್ನೋ ಬಗೆಯ ಪ್ಯಾನೆಲ್. ಕಪ್ಪು ಅಂದರೆ ನಿಜಕ್ಕೂ ಕಪ್ಪು. ವಿಎ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರೋ ಬೆಳಕಿನ ಅಂತರ, 3000:1 ಹತ್ತಿರ ಇರುತ್ತದೆ, ಇನ್ನೊಂದು ಬಗೆಯ ಪ್ಯಾನೆಲ್ ಆದ ಸಾಮಾನ್ಯ ಐಪಿಎಸ್‌ನದು 1000:1 ಆಸುಪಾಸು. ಆದರೆ ಕಪ್ಪು ಹಿನ್ನೆಲೆಯ ಪುಟ ಹಾಕಿ ಸ್ಕ್ರೋಲ್ ಮಾಡಿದರೆ ಅಕ್ಷರದ ಹಿಂದೆ ಮಸಿ ಎಳೆದ ಹಾಗೆ ಗೆರೆ ಉಳಿಯಿತು. ಅಗ್ಗದ ವಿಎ ಪ್ಯಾನೆಲ್ ಕಡುಬಣ್ಣದಿಂದ ಇನ್ನೊಂದು ಬಣ್ಣಕ್ಕೆ ತಿರುಗೋದು ನಿಧಾನ. ಅದರ ಮೇಲೆ ಕಾರ್ಡಿನ ಬಾರ್ಡರ್ ಗೆರೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಬಾಗಿದ ಪರದೆಯಲ್ಲಿ ನನಗೆ ನಂಬಿಕೆ ಬರಲಿಲ್ಲ.

ಮೂರನೇದು 27 ಇಂಚು, 2560×1440. ಅಬ್ಬಾ, ಅದರಲ್ಲಿ ಅಕ್ಷರ ಎಷ್ಟು ಚಂದ! ಇಂಚಿಗೆ ಸುಮಾರು 109 ಪಿಕ್ಸೆಲ್. ಆದರೆ ಬೆಲೆ ನನ್ನ ಬಜೆಟ್ ದಾಟಿ ದೂರ ಹೋಗಿತ್ತು. ಮೇಲಾಗಿ ನನ್ನ ಹತ್ತಿರ ಇರೋದು ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡು. 1080ಪಿ, ಅಂದರೆ 1920×1080ರಲ್ಲಿ ಸುಮಾರು 21 ಲಕ್ಷ ಪಿಕ್ಸೆಲ್, ಇದರಲ್ಲಿ ಸುಮಾರು 37 ಲಕ್ಷ. ಅಷ್ಟು ಹೊರೆ ಆ ಕಾರ್ಡಿಗೆ ಹೊರಿಸೋದು ಬೇಡ ಅನ್ನಿಸಿತು.

ಕೊನೆಗೆ ತಂದಿದ್ದು 24 ಇಂಚು, 1080ಪಿ, ಐಪಿಎಸ್, 180 ಹರ್ಟ್ಸ್, ಅಂದರೆ ಸೆಕೆಂಡಿಗೆ 180 ಸಲ ಚಿತ್ರ ಬದಲಿಸೋದು. 9,600 ರೂಪಾಯಿ. ಕಂಪನಿ ಹೆಸರು ಬರೆಯುತ್ತಿಲ್ಲ. ಇಂಥದ್ದೇ ಮಾನಿಟರ್ ನಾಲ್ಕೈದು ಹೆಸರಲ್ಲಿ ಸಿಗುತ್ತದೆ, ಮತ್ತೆ ನನ್ನ ತಕರಾರು ಮುಂದೆ ಇದೆ.

ಪ್ರೆಸ್ಸಿಗೆ ತಂದು ಜೋಡಿಸಿ ಮೂರು ವಾರ ಆಡಿದೆ. ಹಳೇದಕ್ಕೂ ಇದಕ್ಕೂ ಆಟದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಗೊತ್ತಾಯಿತು, ವಿಂಡೋಸ್ ಇನ್ನೂ 60 ಹರ್ಟ್ಸ್‌ನಲ್ಲೇ ಓಡಿಸುತ್ತಿತ್ತು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ, ಅಲ್ಲಿ ರಿಫ್ರೆಶ್ ರೇಟ್ ನಾವೇ ಬದಲಿಸಬೇಕು. ಹೊಸ ಮಾನಿಟರ್ ತಂದವರು ಮೊದಲ ದಿನವೇ ಇದನ್ನು ನೋಡಿ, ದಯವಿಟ್ಟು. ನಾನು ನೋಡಿದಾಗ ಪಟ್ಟಿಯಲ್ಲಿ 144ರ ತನಕ ಮಾತ್ರ ಇತ್ತು. ನನ್ನ ಮಾನಿಟರ್‌ನ ಎಚ್‌ಡಿಎಂಐ ಕಿಂಡಿ 144ಕ್ಕೆ ನಿಲ್ಲುತ್ತದೆ, 180 ಬೇಕಾದರೆ ಡಿಸ್‌ಪ್ಲೇ ಪೋರ್ಟ್ ಅನ್ನೋ ಇನ್ನೊಂದು ಕಿಂಡಿ ಬೇಕು. ಡಬ್ಬಿಯಲ್ಲಿ ಕೊಟ್ಟಿದ್ದು ಎಚ್‌ಡಿಎಂಐ ಕೇಬಲ್ ಒಂದೇ. 180 ಅಂತ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆದು, ಅದಕ್ಕೆ ಬೇಕಾದ ಕೇಬಲ್ ಕೊಡದೇ ಇರೋದು ಸರಿಯಲ್ಲ. ಬೇರೆ ಕೇಬಲ್ ತರಿಸಿದೆ.

ಆಮೇಲೆ ಆಟ ಬೇರೆಯೇ ಆಯಿತು. 60 ಹರ್ಟ್ಸ್‌ನಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ 16.7 ಮಿಲಿಸೆಕೆಂಡ್. 180ರಲ್ಲಿ 5.6. ಮೂಲೆ ತಿರುಗಿದಾಗ ಎದುರಾಳಿ ಎಗರಿ ಎಗರಿ ಬರೋ ಬದಲು ನುಣ್ಣಗೆ ಸರಿದು ಬರುತ್ತಾನೆ. ಗುರಿ ಇಡೋಕೆ ಕೈಗೆ ಧೈರ್ಯ ಬರುತ್ತದೆ. ಡಬ್ಬಿ ಮೇಲಿನ ‘1 ಮಿಲಿಸೆಕೆಂಡ್’ನಲ್ಲಿ ಪಿಕ್ಸೆಲ್ ಬಣ್ಣ ಬದಲಿಸುತ್ತೆ ಅನ್ನೋದನ್ನು ಮಾತ್ರ ನಂಬಬೇಡಿ. ಅದು ಬೇಕು ಅಂತ ಮೆನುವಿನಲ್ಲಿ ಬಣ್ಣ ಬೇಗ ಬದಲಿಸೋ ಓವರ್‌ಡ್ರೈವ್ ತುದಿಗೆ ಇಟ್ಟರೆ ಓಡುವ ವಸ್ತುವಿನ ಹಿಂದೆ ಬಿಳಿ ನೆರಳು ಬೀಳುತ್ತದೆ. ಮಧ್ಯದಲ್ಲಿ ಇಟ್ಟು ಮರೆತುಬಿಡಿ.

ಆದರೆ ನಾನು ನಿಜಕ್ಕೂ ಖುಷಿಪಟ್ಟಿದ್ದು ಆಟದಲ್ಲಲ್ಲ. ಮಾರನೇ ದಿನ ಬೆಳಗ್ಗೆ ಒಂದು ಸೊಸೈಟಿಯ ವಾರ್ಷಿಕ ವರದಿಯ ಪ್ರೂಫ್ ಓದುತ್ತಿದ್ದೆ. 48 ಪುಟ. ಮೌಸ್ ಚಕ್ರ ತಿರುಗಿಸಿದೆ. ಪುಟ ಸರಿಯುತ್ತಿದ್ದಾಗಲೇ ಸಾಲು ಓದೋಕೆ ಆಗುತ್ತಿತ್ತು! ಮೊದಲೆಲ್ಲ ಸ್ಕ್ರೋಲ್ ಮಾಡಿ, ನಿಲ್ಲಿಸಿ, ಸಾಲು ಹುಡುಕಿ ಮತ್ತೆ ಓದಬೇಕಿತ್ತು. ಸರಿಯುವಾಗ ಒತ್ತುಗಳೆಲ್ಲ ಕಲಸಿ ಹೋಗುತ್ತಿದ್ದವು. ಈಗ ನಿಧಾನ ತಿರುಗಿಸಿದರೆ ಕಾಗದ ಕೈಯಲ್ಲಿ ಹಿಡಿದು ಮೇಲೆ ಸರಿಸಿದ ಹಾಗೆ. ಸಂಜೆ ಹೊತ್ತಿಗೆ ಕಣ್ಣು ಉರಿಯೋದು ಕಡಿಮೆಯಾಗಿದೆ. ಗೇಮಿಂಗ್ ಮಾನಿಟರ್ ಆಟ ಆಡೋ ಹುಡುಗರಿಗೆ ಮಾತ್ರ ಅಂತ ತಿಳಿದುಕೊಂಡ ಪ್ರೂಫ್ ರೀಡರ್‌ಗಳಿಗೆ ನಾನು ಇದನ್ನೇ ಹೇಳೋದು. ಒಂದು ಸಲ ಅಂಗಡಿಯಲ್ಲಿ ಉದ್ದನೆಯ ಕನ್ನಡ ಫೈಲ್ ಹಾಕಿಸಿ, ಚಕ್ರ ತಿರುಗಿಸಿ ನೋಡಿ.

ಬೆಳಗ್ಗೆ ಪ್ರೆಸ್ ಬಾಗಿಲು ತೆಗೆದ ಕೂಡಲೇ ಹಳೇ ಪಂಚೆಯ ತುಂಡು ಸ್ವಲ್ಪ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಆಫ್ ಆಗಿರೋ ಪರದೆಯನ್ನು ಮೇಲಿಂದ ಕೆಳಗೆ ಒರೆಸುತ್ತೇನೆ. ಕಾಗದದ ಧೂಳು ನಮ್ಮಲ್ಲಿ ಜಾಸ್ತಿ. ಒಂದು ಕಣ ಉಳಿದರೂ ಅದು ಅನುಸ್ವಾರದ ಹಾಗೆ ಕಾಣುತ್ತದೆ. ಆಮೇಲೆ ಆನ್ ಮಾಡಿ ಅದೇ ಲಗ್ನಪತ್ರಿಕೆ ತೆರೆದು ಜ್ಯೇಷ್ಠ ಎಲ್ಲಿದೆ ಅಂತ ಒಮ್ಮೆ ನೋಡುತ್ತೇನೆ. ಪಕ್ಕದಲ್ಲಿ ಅಚ್ಚಾದ ಕಾರ್ಡು ಹಿಡಿದು ಬಣ್ಣ ಹೋಲಿಸುತ್ತೇನೆ. ಡಬ್ಬಿಯಿಂದ ತೆಗೆದಾಗ ಪರದೆ ನೀಲಿ ಕಡೆಗೆ ವಾಲಿತ್ತು, ಕೆನೆಬಣ್ಣದ ಕಾರ್ಡು ಬಿಳಿ ಕಾಣುತ್ತಿತ್ತು. ಮೆನುವಿನಲ್ಲಿ ನೀಲಿ ಸ್ವಲ್ಪ ಇಳಿಸಿದ ಮೇಲೆ ಕುಂಕುಮ ಕುಂಕುಮದ ಹಾಗೆ, ಅರಿಶಿನ ಅರಿಶಿನದ ಹಾಗೆ ಕಾಣತೊಡಗಿತು. ಅಚ್ಚಿನ ಶಾಯಿಗೂ ಪರದೆಯ ಬೆಳಕಿಗೂ ಪೂರ್ತಿ ತಾಳೆ ಆಗೋದಿಲ್ಲ, ಗಿರಾಕಿಗೆ ವಿವರಿಸಿ ಹೇಳುವಷ್ಟು ಹತ್ತಿರ ಬರುತ್ತದೆ.

ಇಷ್ಟರ ತನಕ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಎಂಟನೇ ತಿಂಗಳಲ್ಲಿ ಪರದೆಯ ಮಧ್ಯಕ್ಕಿಂತ ಸ್ವಲ್ಪ ಎಡಕ್ಕೆ ಒಂದು ಪಿಕ್ಸೆಲ್ ಸತ್ತಿತು. ಒಂದೇ ಒಂದು ಕಪ್ಪು ಚುಕ್ಕೆ. ಬೇರೆಯವರಿಗೆ ಅದು ಏನೂ ಅಲ್ಲ ಇರಬಹುದು. ನನಗೆ ಅದು ಧ ಒಳಗೆ ಕೂತರೆ ಥ ಇರಬಹುದಾ ಅನ್ನಿಸುತ್ತದೆ. ಟ ಒತ್ತಿನ ಸುರುಳಿಯಲ್ಲಿ ಕೂತರೆ ಠ ಅಂತ ಕಣ್ಣು ನಂಬುತ್ತದೆ. ಯಾವ ಚುಕ್ಕೆ ಕಾಣಲಿ ಅಂತ ಮಾನಿಟರ್ ತಂದೆನೋ, ಅದೇ ಮಾನಿಟರ್ ಇಲ್ಲದ ಚುಕ್ಕೆ ತೋರಿಸತೊಡಗಿತು. ನಿಜವಾಗಿ ಸಿಟ್ಟು ಬಂತು.

ಮೂರು ವರ್ಷದ ವಾರಂಟಿ ಇದೆಯಲ್ಲ ಅಂತ ಫೋನ್ ಮಾಡಿದೆ. ಒಂದು ಪಿಕ್ಸೆಲ್‌ಗೆಲ್ಲ ಬದಲಿಸಿ ಕೊಡೋಲ್ಲ ಅಂದರು. ಪಿಕ್ಸೆಲ್ ದೋಷ ಎಷ್ಟಿದ್ದರೆ ಒಪ್ಪಬೇಕು ಅಂತ ಐಎಸ್‌ಒ 9241-307 ಎಂಬ ಮಾನದಂಡದಲ್ಲಿ ವರ್ಗಗಳಿವೆ, ಮಾನಿಟರ್ ಕಂಪನಿಗಳ ವಾರಂಟಿ ನಿಯಮದಲ್ಲಿ ಅದರ ಉಲ್ಲೇಖ ಸಾಮಾನ್ಯ. ನನ್ನ ವಾರಂಟಿ ಕಾಗದದ ಹಿಂಬದಿ ಸಣ್ಣಕ್ಷರದಲ್ಲಿ ಎಷ್ಟು ಪಿಕ್ಸೆಲ್ ಸತ್ತರೆ ಬದಲಿ ಅಂತ ಇತ್ತು, ನಾನು ಓದಿರಲಿಲ್ಲ. ದುಡ್ಡು ಕೊಡೋ ಮೊದಲು ಆ ಒಂದು ಸಾಲು ಹುಡುಕಿ ಓದಿ. ಬ್ರಾಂಡ್ ಆರಿಸುವಾಗ ಹರ್ಟ್ಸ್‌ಗಿಂತ ಅದೇ ಮುಖ್ಯ ಅಂತ ಈಗ ನನ್ನ ಅಭಿಪ್ರಾಯ.

ಸ್ಟ್ಯಾಂಡಿನದೂ ಒಂದು ಕಾಟ. ಎತ್ತರ ಬದಲಿಸೋಕೆ ಬರಲ್ಲ, ಹಿಂದಕ್ಕೆ ಮುಂದಕ್ಕೆ ಬಾಗುತ್ತದೆ ಅಷ್ಟೇ. ಜೋರಾಗಿ ಟೈಪ್ ಮಾಡಿದರೆ ಇಡೀ ಪರದೆ ನಡುಗುತ್ತದೆ. ಕತ್ತು ನೋವು ಶುರುವಾದ ಮೇಲೆ ಕೆಳಗೆ ಎರಡು ರೀಮ್ ಎ4 ಕಾಗದ ಇಟ್ಟೆ, ಸುಮಾರು ಹತ್ತು ಸೆಂಟಿಮೀಟರ್ ಮೇಲೆ ಬಂತು. ನೋವು ಹೋಯಿತು, ನಡುಕ ಹೋಗಲಿಲ್ಲ. ರಾತ್ರಿ ದೀಪ ಆರಿಸಿ ಆಡುವಾಗ ಮೂಲೆಗಳಲ್ಲಿ ಬೂದು ಬೆಳಕು ಕಾಣುತ್ತದೆ, ಅದು ಐಪಿಎಸ್‌ನ ಗುಣ. ಬ್ರೈಟ್‌ನೆಸ್ 25ಕ್ಕೆ ಇಳಿಸಿ, ಹಿಂದೆ ಗೋಡೆಗೆ ಒಂದು ಸಣ್ಣ ಬಲ್ಬು ಹಾಕಿದ ಮೇಲೆ ಅಷ್ಟು ಕಾಡುತ್ತಿಲ್ಲ.

ಆ ಸತ್ತ ಪಿಕ್ಸೆಲ್ ಜೊತೆ ಈಗ ಆರು ತಿಂಗಳಾಯಿತು. ಒಂದು ದಾರಿ ಕಂಡುಕೊಂಡಿದ್ದೇನೆ. ಅನುಮಾನ ಬಂದ ಕಡೆ ಮೌಸ್ ಚಕ್ರ ಒಂದು ಹಲ್ಲು ತಿರುಗಿಸುತ್ತೇನೆ. ಚುಕ್ಕೆ ಅಕ್ಷರದ ಜೊತೆ ಸರಿದರೆ ಅದು ಠ. ಅಕ್ಷರ ಹೋಗಿ ಚುಕ್ಕೆ ಅಲ್ಲೇ ಉಳಿದರೆ ಅದು ಮಾನಿಟರ್‌ದು. ಸರಿಯುವಾಗಲೂ ಅಕ್ಷರ ಸ್ಪಷ್ಟ ಇರೋದರಿಂದ ಇದು ಸಾಧ್ಯ, ಹಳೇ ಮಾನಿಟರ್‌ನಲ್ಲಿ ಆಗುತ್ತಿರಲಿಲ್ಲ. ಕೈಗೆ ರೂಢಿಯಾಗಿ ಈಗ ಎಲ್ಲ ಒತ್ತಿನ ಹತ್ತಿರವೂ ಚಕ್ರ ತಿರುಗಿಸಿಯೇ ಮುಂದೆ ಹೋಗುತ್ತೇನೆ. ಈ ಆರು ತಿಂಗಳಲ್ಲಿ ಒಂದು ಕಾರ್ಡೂ ವಾಪಸ್ ಬಂದಿಲ್ಲ.

ಹೋದ ತಿಂಗಳು ಅದೇ ಅಜ್ಜ ಮತ್ತೆ ಬಂದರು. ಕಿರಿಯ ಮೊಮ್ಮಗನ ಮದುವೆ. ಈ ಸಲ ‘ಕನಿಷ್ಠ ಪುತ್ರ’. ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಇಡೀ ಕಾರ್ಡು ಪರದೆ ತುಂಬ ಹಾಕಿದೆ. ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ, ಪರದೆಗೆ ಬೆರಳು ಮುಟ್ಟಿಸಿ ಒಂದೊಂದೇ ಸಾಲು ಓದಿದರು. ಕನಿಷ್ಠದ ಹತ್ತಿರ ಬೆರಳು ನಿಂತಿತು. “ಇದ್ದು, ಇದ್ದು, ಚುಕ್ಕೆ ಇದ್ದು” ಅಂದರು. ಆಮೇಲೆ ಮದುವೆಯ ಮುಹೂರ್ತದ ಸಾಲಿನಲ್ಲಿ ಒಂದು ನಿಮಿಷದ ತಪ್ಪು ಹಿಡಿದರು. ಅದು ಅವರೇ ಬರೆದುಕೊಟ್ಟ ಚೀಟಿಯಲ್ಲೂ ಹಾಗೇ ಇತ್ತು, ತಿದ್ದಿದೆವು.

ನನ್ನ ಹಾಗೆ ಹಗಲು ಅಕ್ಷರ, ರಾತ್ರಿ ಆಟ ಅನ್ನೋರು, ಹತ್ತು ಸಾವಿರದ ಒಳಗೆ ಇರೋರು, 24 ಇಂಚಿನ ಐಪಿಎಸ್ ತಗೊಳ್ಳಿ. 144 ಸಿಕ್ಕಿದರೂ ಸಾಕು, 180ಕ್ಕೆ ಅಂತ ಜಾಸ್ತಿ ಕೊಡಬೇಡಿ. ಆ ದುಡ್ಡು ಎತ್ತರ ಬದಲಿಸೋ ಸ್ಟ್ಯಾಂಡಿಗೆ ಹಾಕಿ. ಗ್ರಾಫಿಕ್ಸ್ ಕಾರ್ಡು ಗಟ್ಟಿ ಇದ್ದು ಕೈಯಲ್ಲಿ ದುಡ್ಡೂ ಇದ್ದರೆ ಆ 2560×1440 ನೋಡಿ, ಅದನ್ನು ನಾನು ಇನ್ನೂ ಮರೆತಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದುಕೊಂಡ ಒಂದೂವರೆಯಲ್ಲಿ ಒಂದು ಆ ಪಿಕ್ಸೆಲ್‌ಗೆ, ಅರ್ಧ ಸ್ಟ್ಯಾಂಡಿಗೆ.

ಹಿಂಬದಿಯಲ್ಲಿ ತೋಳು ಜೋಡಿಸೋಕೆ ವೆಸಾ ಅನ್ನೋ ತೂತುಗಳಿವೆ. ಮೇಜಿಗೆ ಕಚ್ಚಿಸೋ ತೋಳಿಗೆ ಮೊನ್ನೆ ಆರ್ಡರ್ ಹಾಕಿದ್ದೇನೆ. ಅದು ಬಂದ ದಿನ ಕೆಳಗಿರೋ ಎರಡು ರೀಮ್ ಕಾಗದ ಬಿಲ್ ಬುಕ್ಕಿಗೆ ಹೋಗುತ್ತದೆ.